ಹಾಲು ಕರೆಯುವ ಪಿಯಾನೊ ಟೀಚರ್

ಚಳಿಗಾಲ ಮುಗಿಯಲು ಇನ್ನೂ ಮನಸ್ಸು ಮಾಡಿಲ್ಲ. ಹೊಲಗಳ ಮೇಲೆ ಮಂಜು ಹಾಸಿಕೊಂಡೇ ಬಿದ್ದಿದೆ. ಕೊಟ್ಟಿಗೆಯ ಒಳಗೆ ಮಾತ್ರ ಹಸುಗಳ ಉಸಿರಿಗೆ ಒಂದಿಷ್ಟು ಬೆಚ್ಚಗಿದೆ. ಬೆಳಕು ಹರಿಯುವ ಮುಂಚೆಯೇ ಆಕೆ ಮೋಟು ಸ್ಟೂಲಿನ ಮೇಲೆ ಕೂತು, ಕೆಂದು ಹಸುವಿನ ಪಕ್ಕೆಗೆ ಹಣೆ ಆನಿಸಿ ಹಾಲು ಕರೆಯುತ್ತಿದ್ದಾರೆ. ಮೊದಲ ಧಾರೆಗಳು ಖಾಲಿ ಬಕೆಟ್ಟಿನ ತಳಕ್ಕೆ ಚುರ್ರೆಂದು ಬೀಳುತ್ತವೆ. ಹಾಲು ಏರಿದಂತೆ ಸದ್ದು ದಪ್ಪಗಾಗುತ್ತದೆ. ನೋಡಿದವರು ಈ ಮನೆಯ ಹೆಂಗಸೇ ಇರಬೇಕು ಅಂದುಕೊಳ್ಳುತ್ತಾರೆ. ಹಸು ಆಕೆಯದಲ್ಲ, ಕೊಟ್ಟಿಗೆಯೂ ಆಕೆಯದಲ್ಲ. ಆಕೆ ಈ ಊರಿಗೆ ಇರುವ ಒಬ್ಬರೇ ಪಿಯಾನೊ ಟೀಚರ್.

ಪಿಯಾನೊ ಎಂಬ ಹೆಸರು ಊರವರ ಬಾಯಲ್ಲಿ ನಿಲ್ಲಲಿಲ್ಲ. ಅದು ಪೆಟ್ಟಿಗೆ, ಆಕೆ ಪೆಟ್ಟಿಗೆ ಟೀಚರ್. ವಯಸ್ಸು ಅರವತ್ತು ದಾಟಿದೆ. ಗಂಡ ತೀರಿಕೊಂಡು ಎಷ್ಟೋ ಕಾಲವಾಯಿತು, ಮಕ್ಕಳಿಲ್ಲ. ಸೋದರತ್ತೆಯ ಪಕ್ಕದಲ್ಲಿ ಕೂತು ಕಲಿತ ವಿದ್ಯೆಯನ್ನು ಶಾಲೆಯ ಹಿಂದಿನ ಸಭಾಂಗಣದಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಬರುವವರು ಹಾಲಿನವರ, ದರ್ಜಿಯ, ಮರ ಕೊಯ್ಯುವವರ ಮಕ್ಕಳು. ಚಳಿಗೆ ಒಡೆದ, ಉಗುರಿನಲ್ಲಿ ಮಣ್ಣು ಉಳಿದ ಕೈಗಳು. ಪಾಠಕ್ಕೆ ಮೊದಲು ಅವನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿಸುತ್ತಾರೆ. "ಕೊಳೆ ಹೋಗ್ದಿದ್ರೂ ಪರವಾಗಿಲ್ಲ, ಮರಗಟ್ಟಿದ್ದು ಬಿಡ್ಬೇಕು" ಎನ್ನುತ್ತಾರೆ.

ವರ್ಷಕ್ಕೊಮ್ಮೆ, ಚಳಿ ಇಳಿಯುವ ಹೊತ್ತಿಗೆ, ಅದೇ ಸಭಾಂಗಣದಲ್ಲಿ ಮಕ್ಕಳ ಪಿಯಾನೊ ಕಾರ್ಯಕ್ರಮ. ಕಲಿಸುವುದಕ್ಕಿಂತ ಕಷ್ಟದ ಕೆಲಸ ಇದರ ಹಿಂದಿದೆ: ಯಾರಿಗೆ ಯಾವ ರಚನೆ ಎಂದು ಆರಿಸುವುದು, ಆರಿಸಿದ್ದನ್ನು ಒಂದರ ಪಕ್ಕ ಒಂದು ಕೂರಿಸುವುದು. ಹಳೆಯ ಪೆಟ್ಟಿಗೆ, ಜೋರಾಗಿ ಬಡಿದರೆ ಅರ್ಧ ದಾರಿಯಲ್ಲೇ ಶ್ರುತಿ ಇಳಿಯುತ್ತದೆ. ಹಾಗಾಗಿ ಮೆತ್ತನೆಯವು ಮುಂದೆ, ಗಟ್ಟಿಯವು ಹಿಂದೆ. ಮಂದ್ರದಲ್ಲಿ ಒಂದು ಬಿಳಿ ಕೀಲಿ, ಊರವರ ಮಾತಿನಲ್ಲಿ ಮನೆ, ಒತ್ತಿದರೆ ಕೆಳಗೇ ಕೂತುಬಿಡುತ್ತದೆ. ಅದನ್ನು ಮುಟ್ಟುವ ರಚನೆ ಎಷ್ಟೇ ಚಂದವಿದ್ದರೂ ಕಾರ್ಯಕ್ರಮದ ಪಟ್ಟಿಯೊಳಗೆ ಬರುವಂತಿಲ್ಲ. ಅಂಜುಕುಳಿ ಮಗುವನ್ನು ಜಾಣ ಮಗುವಿನ ಬೆನ್ನಿಗೇ ಕೂರಿಸುವಂತಿಲ್ಲ. ಎಲ್ಲಕ್ಕಿಂತ ಮೊದಲು ಕೈ. ಪ್ರತಿ ಮಗುವಿನ ಹೆಬ್ಬೆರಳನ್ನು ಒಂದು ಬಿಳಿ ಮನೆಯ ಮೇಲೆ ಇರಿಸಿ, ಕಿರುಬೆರಳು ನೋವಿಲ್ಲದೆ ಎಲ್ಲಿಗೆ ಬೀಳುತ್ತದೆಂದು ನೋಡುತ್ತಾರೆ. ರಚನೆ ಆ ಅಳತೆಯನ್ನು ಮೀರಬಾರದು.

ದರ್ಜಿಯ ಕಿರಿಮಗಳಿಗೆ ಇದು ಸರಿಬಂದಿಲ್ಲ.

"ನಂಗೆ ಒಂದೇ ಪುಟ, ಅಕ್ಕಂಗೆ ಮಾತ್ರ ಮೂರು ಪುಟ."

"ಅಕ್ಕನ ಕೈ ನೋಡು, ನಿನ್ನ ಕೈ ನೋಡು."

"ನಂದೂ ಬೆಳೆಯುತ್ತಲ್ಲ ಟೀಚರ್."

"ಬೆಳೆದ್ಮೇಲೆ ಬಾ. ಮುಂದೆ ಬೆಳೆಯೋ ಮೈಗೆ ಅಂತ ನಿಮ್ಮಪ್ಪ ಅಂಗಿ ಹೊಲೀತಾನೆ, ನಾನು ಹೊಲಿಯಲ್ಲ."

ಮಗು ನಕ್ಕು ಓಡುತ್ತದೆ. ಟೀಚರ್ ನಗುವುದಿಲ್ಲ. ಮುಂದೆ ಬೆಳೆಯುವ ಕೈಗೆ ಎಂದು ಅವರು ಒಂದು ಸಲ ಹೊಲಿದಿದ್ದರು.

ಮೂರು ಚಳಿಗಾಲದ ಹಿಂದಿನ ಮಾತು. ಈ ಕೊಟ್ಟಿಗೆಯ ಹಾಲಿನವರ ಒಬ್ಬಳೇ ಮಗಳಿಗೆ ಆಗ ಹದಿನಾಲ್ಕು. ಟೀಚರ ಕೈಕೆಳಗೆ ಅಂಥ ಬೆರಳು ಮೊದಲು ಬಂದಿರಲಿಲ್ಲ. ಆ ವರ್ಷದ ಕಾರ್ಯಕ್ರಮಕ್ಕೆ ನಗರದ ಸಂಗೀತ ಶಾಲೆಯಿಂದ ಒಬ್ಬರು ಬರುವವರಿದ್ದರು. ಮೆಚ್ಚಿದರೆ ಊಟ ವಸತಿ ಕೊಟ್ಟು ಕಲಿಸುವವರು. ಪಟ್ಟಿಯ ಕೊನೆಯ ಜಾಗ ಯಾವಾಗಲೂ ಎಲ್ಲರಿಗಿಂತ ಚೆನ್ನಾಗಿ ನುಡಿಸುವವರದು. ಅಲ್ಲಿಗೆ ಟೀಚರ್ ಒಂದು ದೊಡ್ಡ ರಚನೆಯನ್ನು ಆರಿಸಿದರು. ಬಲಗೈ ಅಗಲಕ್ಕೆ ಹರಡಿ ನಾಲ್ಕೈದು ಸ್ವರಗಳನ್ನು ಒಟ್ಟಿಗೆ ಹಿಡಿಯಬೇಕು, ಬಿಡಬೇಕು, ಮತ್ತೆ ಹಿಡಿಯಬೇಕು.

"ಒಂದೇ ಒಂದು ಮನೆ ಕಮ್ಮಿ ಬೀಳ್ತಿತ್ತು ಅವಳ ಕೈಗೆ. ಅಳೆದಿದ್ದೆ, ಗೊತ್ತಿತ್ತು. ನುಡಿಸ್ತಾ ನುಡಿಸ್ತಾ ಬಿಚ್ಕೊಳ್ಳುತ್ತೆ ಅಂದ್ಕೊಂಡೆ" ಎನ್ನುತ್ತಾರೆ ಟೀಚರ್ ಈಗ.

ಹುಡುಗಿಗೆ ತಾಯಿ ಇಲ್ಲ. ಅಪ್ಪನ ಸೊಂಟ ಹಿಡಿದುಹೋಗಿ ಬಗ್ಗುವುದು ಕಷ್ಟ. ಎರಡು ಹೊತ್ತೂ ಹಾಲು ಕರೆಯುತ್ತಿದ್ದವಳು ಅವಳೇ. ಹಿಂಡಿ ದಣಿದ ಕೈಯನ್ನೇ ತಂದು ಪೆಟ್ಟಿಗೆಯ ಮೇಲೆ ಹರಡುತ್ತಿದ್ದಳು. ಕೈ ಉರಿಯುತ್ತೆ ಎಂದು ಎರಡು ಮೂರು ಸಲ ಹೇಳಿದ್ದಳು. "ಎಲ್ಲರಿಗೂ ಉರಿಯುತ್ತೆ, ನಿಲ್ಲಿಸ್ಬೇಡ" ಎಂದಿದ್ದರು ಟೀಚರ್. ಕಾರ್ಯಕ್ರಮ ಹತ್ತಿರವಾಗುವಷ್ಟರಲ್ಲಿ ಬಲಗೈಯ ಕೊನೆಯ ಎರಡು ಬೆರಳು ಮಡಚಲು ಒಲ್ಲೆ ಎಂದವು. ವೈದ್ಯರು, ತಡ ಮಾಡಿ ಬಂದಿರಿ, ಎಂದರು. ನಗರದವರು ಬಂದು, ಉಳಿದ ಮಕ್ಕಳದನ್ನು ಕೇಳಿ, ಚಪ್ಪಾಳೆ ತಟ್ಟಿ ಹೋದರು. ಆ ಕೈಗೆ ಈಗ ಪೆಟ್ಟಿಗೆಯೂ ಇಲ್ಲ, ಕೆಚ್ಚಲೂ ಇಲ್ಲ.

ಟೀಚರ್ ಒಂದು ಬೆಳಿಗ್ಗೆ ಕೊಟ್ಟಿಗೆಗೆ ಬಂದು, ಇನ್ನು ಹಾಲು ನಾನು ಕರೆಯುತ್ತೇನೆ ಎಂದು ಬಕೆಟ್ ಕೇಳಿದರು. "ಮಗಳ ಕೈ ಕೆಡಿಸಿದ್ದು ಸಾಕು, ಹಸುಗಳನ್ನಾದ್ರೂ ಬಿಟ್ಬಿಡಿ" ಎಂದ ಅಪ್ಪ. ಅವರು ಬಾಗಿಲಲ್ಲೇ ನಿಂತರು. ಮರುದಿನವೂ ಬಂದು ನಿಂತರು. ಇನ್ನೊಂದು ದಿನ ಅಪ್ಪನ ಸೊಂಟ ಪೂರ್ತಿ ಕೈಕೊಟ್ಟಾಗ, ಬಕೆಟ್ಟನ್ನು ಕಾಲಿನಿಂದ ಇತ್ತ ತಳ್ಳಿದ. ಟೀಚರಿಗೆ ಹಾಲು ಕರೆಯಲು ಬರುತ್ತಿರಲಿಲ್ಲ. ಹಸು ಒದೆಯಿತು, ಸ್ಟೂಲು ಉರುಳಿತು. ಹುಡುಗಿ ಗೋಡೆಗೆ ಒರಗಿ ನೋಡುತ್ತಿದ್ದಳು. ಕೊನೆಗೆ ಅಲ್ಲಿಂದಲೇ ಹೇಳಿದಳು: "ಎಳೀಬೇಡಿ ಟೀಚರ್. ಮೇಲಿಂದ ಒಂದೊಂದೇ ಬೆರಳು ಮುಚ್ತಾ ಬನ್ನಿ."

ಅಂದಿನಿಂದ ಎರಡು ಹೊತ್ತೂ ಅವರೇ. "ಈಗ ನಮ್ಮ ಕೆಂದೂಗೆ ಅವರ ಕೈಯೇ ಬೇಕು, ಬೇರೆಯವ್ರು ಕೂತ್ರೆ ಹಾಲು ಏರಿಸ್ಕೊಂಡು ಕೊಡೋದೇ ಇಲ್ಲ. ತಾಳ ತಪ್ಪುತ್ತೋ ಏನೋ" ಎಂದು ಅಪ್ಪ ಚುಚ್ಚುತ್ತಾನೆ. ಚುಚ್ಚು ಮೊದಲಿನಷ್ಟು ಹರಿತವಾಗಿಲ್ಲ. ಊರವರು ಇದನ್ನು ಟೀಚರ ಹುಚ್ಚು ಎಂದುಕೊಂಡು ಸುಮ್ಮನಾಗಿದ್ದಾರೆ.

ಈ ವರ್ಷದ ಪಟ್ಟಿ ಕೊನೆಯ ಜಾಗವೊಂದನ್ನು ಬಿಟ್ಟು ಸಿದ್ಧವಾಗಿದೆ. ಎಡಗೈಯೊಂದಕ್ಕೇ ಎಂದು ಬರೆದ ರಚನೆಗಳೂ ಉಂಟು. ಅಂಥದ್ದೊಂದನ್ನು ಆರಿಸಿಕೊಂಡು ಹೋಗಿ ಟೀಚರ್ ಹುಡುಗಿಯ ಮುಂದಿಟ್ಟರು. ಅವಳು ಪುಟ ತೆರೆಯಲೂ ಇಲ್ಲ.

"ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ಒಂದು ಜಾಗ ಇಟ್ಟಿದ್ದೀರಾ? ನಂಗ್ಬೇಡ. ಆ ದೊಡ್ಡದಿದೆಯಲ್ಲ, ಅದನ್ನ ನೀವೇ ನುಡಿಸಿ."

"ನಾನಾ? ಕೇಳ್ಬೇಕಂದ್ರೆ ಫೋನಲ್ಲೇ ಸಿಗುತ್ತಲ್ಲಮ್ಮ."

"ಕೇಳಿದ್ದೀನಿ. ಯಾರೋ, ಎಲ್ಲೋ ನುಡಿಸಿದ್ದು. ನಮ್ಮ ಪೆಟ್ಟಿಗೇಲಿ ಅದು ಅರ್ಧಕ್ಕೇ ನಿಂತಿದೆ. ಆರಿಸಿದವರು ನೀವು, ಮುಗಿಸೋರೂ ನೀವೇ."

ಇಷ್ಟು ವರ್ಷದಲ್ಲಿ ಟೀಚರ್ ತಮ್ಮ ಹೆಸರನ್ನು ಪಟ್ಟಿಯಲ್ಲಿ ಬರೆದುಕೊಂಡವರಲ್ಲ. ಈಗ ಕೊನೆಯ ಜಾಗದಲ್ಲಿ ಬರೆದುಕೊಂಡಿದ್ದಾರೆ. ಅವರ ಕೈಗೆ ಅಗಲ ಸಾಕಷ್ಟಿದೆ, ಬೆರಳಿನ ಸಡಿಲ ಸಾಲದು. ಮೂರು ವರ್ಷ ಹಿಂಡಿ ಹಿಂಡಿ ಬಲಗೈ ಹೆಬ್ಬೆರಳ ಗೆಣ್ಣು ಊದಿಕೊಂಡಿದೆ. ಮಧ್ಯಾಹ್ನದ ಖಾಲಿ ಸಭಾಂಗಣದಲ್ಲಿ ಕೂತು ನುಡಿಸಿ ನೋಡುತ್ತಾರೆ. ನಡುವಿನ ಓಟದ ಭಾಗಕ್ಕೆ ಬರುವಷ್ಟರಲ್ಲಿ ಬೆರಳು ಮುಗ್ಗರಿಸುತ್ತವೆ. ಕೈಗೆ ಬಿಡುವು ಕೊಡಿ ಎಂದು ವೈದ್ಯರು ಹೇಳಿದ್ದಾರೆ. ಅಪ್ಪನೂ ಹೇಳಿದ್ದಾನೆ, ಈ ಸಲ ಚುಚ್ಚದೆ: "ಕಾರ್ಯಕ್ರಮ ಮುಗಿಯೋವರೆಗೆ ಬರ್ಬೇಡಿ. ನಾನು ಹೇಗೋ ನೋಡ್ಕೊಳ್ತೀನಿ."

"ನಿಮ್ಮ ಸೊಂಟದ ಹಣೆಬರಹ ನಂಗೆ ಗೊತ್ತಿಲ್ವಾ?" ಎನ್ನುತ್ತಾರೆ ಟೀಚರ್. "ಒಂದು ಋಣ ತೀರ್ಸೋಕೆ ಇನ್ನೊಂದನ್ನ ನಿಲ್ಲಿಸೋಕಾಗಲ್ಲ."

ಹೆಚ್ಚಿನ ಆಸೆ ಅವರಿಗಿಲ್ಲ. "ಚೆನ್ನಾಗಿ ಬರಲಿ ಅಂತ ಕೇಳಲ್ಲ. ಕೊನೇವರೆಗೂ ಬಂದ್ರೆ ಸಾಕು."

ಕೊಟ್ಟಿಗೆಯಲ್ಲಿ ಈ ಬೆಳಿಗ್ಗೆ ಕೆಂದು ಹಸುವಿನ ಸರದಿ ಮುಗಿಯಿತು. ಪಕ್ಕದ ಕರಿ ಹಸುವಿನ ಬಳಿ ಕೂತು ಬಲಗೈಯನ್ನು ಒಮ್ಮೆ ಕೊಡವಿಕೊಳ್ಳುವಷ್ಟರಲ್ಲಿ, ಹುಡುಗಿ ಒಂದು ಡಬ್ಬಿಯನ್ನು ಬೋರಲು ಹಾಕಿಕೊಂಡು ಹಸುವಿನ ಆಚೆ ಬದಿಗೆ ಕೂರುತ್ತಾಳೆ. ಈ ಮೂರು ವರ್ಷದಲ್ಲಿ ಅವಳು ಕೆಚ್ಚಲ ಹತ್ತಿರ ಬಂದದ್ದೇ ಇಲ್ಲ. ಮಡಚದ ಬೆರಳುಗಳ ಬಲಗೈಯನ್ನು ಹಸುವಿನ ಪಕ್ಕೆಯ ಮೇಲಿಟ್ಟು, ಎಡಗೈ ಚಾಚುತ್ತಾಳೆ.

"ನಿಮ್ಮ ಬಲಗೈ ಶಾಲಿನೊಳಗೆ ಇಟ್ಕೊಳ್ಳಿ. ಎಡಗೈಯಲ್ಲಿ ಕರೀರಿ."

ಟೀಚರ್ ಹೇಳಿದ ಹಾಗೆ ಕೇಳುತ್ತಾರೆ. ಎರಡೂ ಕಡೆ ಜನ ಕೂತದ್ದು ಏಕೆಂದು ತಿಳಿಯದೆ ಹಸು ಅತ್ತ ಒಮ್ಮೆ, ಇತ್ತ ಒಮ್ಮೆ ಕತ್ತು ತಿರುಗಿಸಿ ನೋಡುತ್ತದೆ.

"ಕ್ಷಮಿಸಿಬಿಟ್ಳು ಅಂದ್ಕೋಬೇಡಿ ಟೀಚರ್."

"ಅಂದ್ಕೊಂಡಿಲ್ಲ ಕಣಮ್ಮ."

"ಆ ದಿನ ನುಡಿಸೋವಾಗ ಒಂದು ಮನೇನೂ ಬಿಡೋ ಹಾಗಿಲ್ಲ ಮತ್ತೆ."

ಟೀಚರ್ ಬಕೆಟ್ಟನ್ನು ಸ್ವಲ್ಪ ಆಚೆಗೆ, ಹುಡುಗಿಯ ಧಾರೆಯೂ ಅದಕ್ಕೇ ಬೀಳುವ ಹಾಗೆ, ಸರಿಸುತ್ತಾರೆ.