ವಿಮರ್ಶಕ ಅಣ್ಣನೂ ನನ್ನ ಕಣ್ಣೀರೂ

ಅಣ್ಣ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಾನೆ. ಕಪ್ಪು-ಬಿಳುಪು ಕಾಲದ ನಾಯಕಿಯರೆಂದರೆ ಅವನಿಗೆ ಪ್ರಾಣ. ಹಾನಗಲ್ಲಿಗೆ ಬಂದಾಗಲೆಲ್ಲ ನನ್ನನ್ನು ಟಿವಿ ಮುಂದೆ ಕೂರಿಸಿ ಅಂಥದೊಂದು ಸಿನಿಮಾ ಹಾಕುತ್ತಾನೆ. ಹೆಚ್ಚು ಓದದ ತಂಗಿಯ ಕಣ್ಣೀರು ಸುಳ್ಳಾಡುವುದಿಲ್ಲ ಎಂಬುದು ಅವನ ನಂಬಿಕೆ. ಅದನ್ನು ನೋಡಿಯೇ ಎಷ್ಟೋ ಸಿನಿಮಾಗಳನ್ನು ಹೊಗಳಿ ಬರೆದ. ನಸುಕಿನಲ್ಲೆದ್ದು ರೊಟ್ಟಿ ಬಡಿದ ನನಗೆ, ನಾಯಕಿ ಕೆಮ್ಮತೊಡಗಿದರೆ ಆಕಳಿಕೆ ಬರುತ್ತದೆ, ಆಕಳಿಸಿದರೆ ಕಣ್ಣಲ್ಲಿ ನೀರು. ಇದನ್ನು ಹೇಳದೆ ಇಷ್ಟು ವರ್ಷ ಅವನಿಗೆ ಮೋಸ ಮಾಡಿದೆ.

ಮೊನ್ನೆ ತನ್ನ ಪುಸ್ತಕವನ್ನು ನನ್ನ ಕಣ್ಣೀರಿಗೆ ಅರ್ಪಿಸುತ್ತೇನೆ ಎಂದಾಗ ತಡೆಯಲಾಗಲಿಲ್ಲ.

"ಅಣ್ಣಾ, ಅದು ಅಳು ಅಲ್ಲೋ, ಆಕಳಿಕಿ."

"ಎಲ್ಲಾ ಸಿನಿಮಾಕ್ಕೂ?"

"ಒಮ್ಮೆ ಖರೇನ ಅತ್ತೇನಿ."

ಅವನ ಮುಖ ಅರಳಿತು. "ಯಾವಾಗವಾ?"

"ಮುಗೀತು ಅಂತ ಎದ್ದಾಗ, ಇನ್ನೂ ಅರ್ಧ ಐತಿ ಅಂದ್ಯಲ್ಲ, ಆವಾಗ."

ಪುಸ್ತಕವನ್ನು ಅವ್ವನಿಗೆ ಅರ್ಪಿಸಿದ. ಅವ್ವ ಸಿನಿಮಾ ನೋಡಿದವಳೇ ಅಲ್ಲ.