ಎಂಟು ಮಡಿಕೆಯ ಪರೀಕ್ಷೆ

ಓಬಳೆಪ್ಪ ಕಾಕಾನ ಜೊತೆ ಪ್ರಿಂಟರ್ ಕೊಳ್ಳಲು ಹೋಗುವುದೆಂದರೆ ಹೆಣ್ಣು ನೋಡಲು ಹೋದಂತೆ. ಎಲ್ಲ ಚೆನ್ನಾಗಿಯೇ ನಡೆದಿರುತ್ತದೆ, ಅಂಗಡಿಯವನ ಚಹಾ ಕುಡಿದಾಗಿರುತ್ತದೆ, ಕೊನೆಗೆ ಅವರು ಎದ್ದು ನಿಂತು, "ಊರಿಗೆ ಹೋಗಿ ತಿಳಸ್ತೀವ್ರಿ" ಎನ್ನುತ್ತಾರೆ. ಕೊಪ್ಪಳದಲ್ಲಿ ಹೀಗೇ ಆಯಿತು, ಕುಷ್ಟಗಿಯಲ್ಲೂ ಆಯಿತು. ನನ್ನ ತಾಳ್ಮೆ ಅಲ್ಲಿಗೇ ಮುಗಿದಿತ್ತು.

ನಾನು ದಾನೇಶ್ವರಿ, ಯಲಬುರ್ಗಾದಲ್ಲಿ ವಕೀಲಿ ಮಾಡುತ್ತೇನೆ. ಕಾಕಾ ನನ್ನ ಅಪ್ಪನ ಕಾಲದಿಂದ ನಮ್ಮ ಕಚೇರಿಯ ಗುಮಾಸ್ತರು, ಟೈಪಿಸ್ಟು, ಜೊತೆಗೆ ಯಾರ ಮಾತೂ ಕೇಳದ ಮನುಷ್ಯ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ನಾನು ಕಚೇರಿಗೆ ಬಂದು ಅವರ ಟೈಪ್‌ರೈಟರಿನ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದೆ. ಅಪ್ಪ ಅಡ್ಡಾಡುತ್ತಾ ಹೇಳುವುದು, ಕಾಕಾ ಟೈಪ್ ಮಾಡುವುದು. ಅಪ್ಪ ಮುಂದಿನ ಮಾತು ಹುಡುಕುತ್ತಾ ನಿಂತರೆ ಕಾಕಾ ತಲೆ ಎತ್ತದೆ ಆ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಿದ್ದರು. ಅಪ್ಪನಿಗೆ ಸಿಟ್ಟು ಬರುತ್ತಿತ್ತು, ಆದರೆ ವಾಕ್ಯ ಹಾಗೇ ಉಳಿಯುತ್ತಿತ್ತು. ಸಾಲು ಮುಗಿದಾಗ ಟಣ್ ಎನ್ನುವ ಆ ಗಂಟೆ, ಕಾರ್ಬನ್ ಹಾಳೆಯ ವಾಸನೆ, ಇಬ್ಬರ ಜಗಳ. ಅಪ್ಪ ಹೋದ ಮೇಲೆ ಅವರನ್ನು ನೆನೆಯುವುದಕ್ಕೆ ನನಗೆ ಫೋಟೋ ಬೇಕಾಗಲಿಲ್ಲ, ಕಾಕಾ ಬಂದು ಕುರ್ಚಿಯಲ್ಲಿ ಕೂತರೆ ಸಾಕಾಗುತ್ತಿತ್ತು.

ಈಚೆಗೆ ಕಚೇರಿಯ ಹಳೆಯ ಪ್ರಿಂಟರ್ ಅಕ್ಷರಗಳಿಗಿಂತ ಹೆಚ್ಚು ಕಪ್ಪು ಗೆರೆಗಳನ್ನೇ ಕೊಡತೊಡಗಿತು. ಕಾಕಾನ ಬೆರಳುಗಳೂ ನಡುಗತೊಡಗಿದ್ದವು. ಒಂದು ದಿನ ಅವರೇ ಹೇಳಿದರು: "ನನ್ನ ಮಗಳು ಸುಕನ್ಯಾ ಶ್ರೀರಾಮನಗರದಾಗ ಮನಿ ಕಟ್ಟ್ಯಾಳ, ಬಾ ಬಾ ಅಂತಾಳ. ಛಲೋದೊಂದು ಮಷೀನ್ ನೋಡಿ ಕೂಡ್ರಿಸಿ ಕೊಟ್ಟು, ನಾ ಹೊಂಡ್ತೀನಿ ದಾನವ್ವ." ನಾನು ಆಗಲಿ ಎಂದೆ. ಅವರಿಗೂ ವಿಶ್ರಾಂತಿ ಬೇಕಲ್ಲ ಎಂದು ನಿಜವಾಗಿಯೂ ಅಂದುಕೊಂಡಿದ್ದೆ.

ಆದರೆ ಅವರ ಪರೀಕ್ಷೆಯಲ್ಲಿ ಯಾವ ಮಷೀನೂ ಪಾಸಾಗಲಿಲ್ಲ. ಖರೀದಿ ಪತ್ರಕ್ಕೆ ಬಳಸುವ ದಪ್ಪ ಹಸಿರು ಹಾಳೆಯನ್ನು ಮನೆಯಿಂದಲೇ ಒಯ್ಯುವುದು. ಅದರ ಮೇಲೆ ಕನ್ನಡದಲ್ಲಿ ಒಂದು ಪುಟ ತೆಗೆಸಿ, ಒತ್ತಕ್ಷರಗಳ ಹೊಟ್ಟೆ ಮುಚ್ಚಿದೆಯೋ ತೆರೆದಿದೆಯೋ ಎಂದು ಬೆಳಕಿಗೆ ಹಿಡಿದು ನೋಡುವುದು. ಮೂಲೆಗೆ ಒದ್ದೆ ಅರಿಶಿನ ಹಚ್ಚುವುದು. ಆಮೇಲೆ ಎಂಟು ಮಡಿಕೆ ಮಾಡಿ ಬನಿಯನ್ನಿನ ಕಿಸೆಯಲ್ಲಿಟ್ಟುಕೊಂಡು ಬಿಸಿಲಲ್ಲಿ ಅಡ್ಡಾಡಿ, ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿಂದು ಬಂದು, ಬಿಚ್ಚಿ, ಮಡಿಕೆಯ ಮೇಲೆ ಉಗುರಿನಿಂದ ಕೆರೆಯುವುದು. ಅಕ್ಷರದ ಕಪ್ಪು ಪುಡಿ ಉದುರಿತೋ, ನಾಪಾಸು.

ನಮ್ಮ ಕಡೆಯವರು ಕಾಗದವನ್ನು ಫೈಲಿನಲ್ಲಿ ಇಡುವ ಜನವಲ್ಲ. ಮೊದಲು ದೇವರ ಜಗಲಿಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚುತ್ತಾರೆ, ಆಮೇಲೆ ಸಣ್ಣಗೆ ಮಡಚಿ ಗಂಡಸರು ಕಿಸೆಗೆ, ಹೆಂಗಸರು ಎಲೆಅಡಿಕೆ ಸಂಚಿಗೆ ಸೇರಿಸುತ್ತಾರೆ. ಕನಕಗಿರಿಗೆ ಮದುವೆ ಮಾಡಿಕೊಟ್ಟಿದ್ದ ಮುದುಕಮ್ಮ ಎನ್ನುವವಳು ನಮ್ಮ ಕಚೇರಿಯಲ್ಲೇ ಮಾಡಿಸಿದ್ದ ತವರಿನ ಪಾಲಿನ ಪತ್ರವನ್ನು ಹಾಗೆಯೇ ಇಟ್ಟುಕೊಂಡಿದ್ದಳು. ಬೇಕಾದಾಗ ಬಿಚ್ಚಿದರೆ ಸರ್ವೆ ನಂಬರು ಮಡಿಕೆಯಲ್ಲಿ ಅಳಿಸಿಹೋಗಿತ್ತು. ಬಸ್ಸು ಹಿಡಿದು ಬಂದು, "ನನ್ನ ಹೊಲಾನ ಉದುರಿ ಹೋಗೈತಲ್ಲೋ ಯಪ್ಪಾ" ಎಂದು ಕಚೇರಿಯ ಕಟ್ಟೆಯ ಮೇಲೆ ಅತ್ತಳು. ಬೇರೆ ಪ್ರತಿ ತೆಗೆದುಕೊಟ್ಟರೂ ಕಾಕಾ ಆ ದಿನ ಬುತ್ತಿ ಬಿಚ್ಚಲಿಲ್ಲ.

ಅದೆಲ್ಲ ನನಗೆ ಗೊತ್ತಿತ್ತು. ಆದರೂ ಇವರಿಗೆ ಹೋಗಲು ಮನಸ್ಸಿಲ್ಲ, ಅದಕ್ಕೇ ಕಾಲ ತಳ್ಳುತ್ತಿದ್ದಾರೆ ಎಂದು ನನಗೆ ಗುಮಾನಿ. ಗಂಗಾವತಿಯ ಬಸ್ಸಿನಲ್ಲಿ ಕೇಳಿಯೇಬಿಟ್ಟೆ: "ಕಾಕಾ, ಹೋಗಾಕ ಮನಸ ಇಲ್ಲಂದ್ರ ಹಂಗ ಹೇಳ್ರಿ. ಪ್ರಿಂಟರ್ ಮ್ಯಾಲೆ ಯಾಕ ಹಾಕ್ತೀರಿ?"

ಕಾಕಾ ಕಿಟಕಿಯಾಚೆ ಭತ್ತದ ಗದ್ದೆಗಳನ್ನು ನೋಡುತ್ತಿದ್ದರು. "ಮನಸಿನ ಮಾತು ಬ್ಯಾರೆ, ಕೆಲಸದ ಮಾತು ಬ್ಯಾರೆ," ಎಂದರು. ನಾನು ಮುಖ ಊದಿಸಿಕೊಂಡು ಕೂತೆ.

ಗಂಗಾವತಿಯಲ್ಲಿ ಜಿಲಾನಿ ಎನ್ನುವವನ ಅಂಗಡಿ. ಅಲ್ಲಿಯೂ ಅದೇ ಹಸಿರು ಹಾಳೆ, ಅದೇ ಅರಿಶಿನ, ಅದೇ ಮಿರ್ಚಿ. ಬಿಚ್ಚಿದಾಗ ಪುಡಿ ಉದುರಿತು. ಕಾಕಾ ಎದ್ದರು. ಜಿಲಾನಿ ಮಾತ್ರ ಹಾಳೆಯನ್ನು ಬೆರಳಲ್ಲಿ ಹಿಡಿದು ನೋಡಿ ನಕ್ಕ.

"ಇದು ಭಾಳ ದಪ್ಪ ಐತ್ರಿ ಕಾಕಾರ. ಮಷೀನಿಗೆ ಅದನ್ನ ಹೇಳಬೇಕ್ರಿ. ಇಲ್ಲಾಂದ್ರ ತೆಳ್ಳನ ಹಾಳಿ ಅಂತ ತಿಳಕೊಂಡು ಕಾವು ಕಡಿಮಿ ಕೊಡ್ತೈತಿ, ಪುಡಿ ಹಿಡಿಯೂದಿಲ್ಲ."

ಕಂಪ್ಯೂಟರಿನಲ್ಲಿ ದಪ್ಪ ಕಾಗದ ಎಂದು ಆರಿಸಿ ಇನ್ನೊಂದು ಪುಟ ತೆಗೆದ. ಹಾಳೆ ನಿಧಾನವಾಗಿ, ಬೆಚ್ಚಗೆ ಹೊರಬಂತು. ಕಾಕಾ ಮತ್ತೆ ಅರಿಶಿನ ಹಚ್ಚಿ, ಮಡಚಿ, ಬಿಸಿಲಿಗೆ ಹೋಗಿ ಬಂದರು. ಬಿಚ್ಚಿ ಉಗುರಿನಿಂದ ಕೆರೆದರು. ಒಂದು ಕಣವೂ ಉದುರಲಿಲ್ಲ.

"ಅಂದ್ರ ಕೊಪ್ಪಳದ್ದು, ಕುಷ್ಟಗಿದ್ದು, ಎಲ್ಲಾ ಛಲೋನ ಇದ್ದುವೇನೋ?" ಎಂದು ಕಾಕಾ ಕೆಮ್ಮು ಬರುವವರೆಗೆ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಹಾಳೆಯನ್ನು ನನ್ನ ಕೈಗಿಟ್ಟು, "ಪಾಸಾತು ದಾನವ್ವ, ಕಟ್ಟಸು," ಎಂದರು. ಕೆಲಸ ಮುಗಿಸಿದ ಸಮಾಧಾನ ಬಿಟ್ಟರೆ ಅವರ ಮುಖದಲ್ಲಿ ಬೇರೇನೂ ಇರಲಿಲ್ಲ. ಆ ಮನುಷ್ಯ ಒಂದು ದಿನವೂ ಕಾಲ ತಳ್ಳಿರಲಿಲ್ಲ. ಕಕ್ಷಿದಾರರ ಹೊಲ ಉದುರಬಾರದು, ಅಷ್ಟೇ ಅವರಿಗಿದ್ದದ್ದು.

ಜಿಲಾನಿ ಒಳಗಿನಿಂದ ಹೊಸ ಡಬ್ಬಿ ತಂದು ಮೇಜಿನ ಮೇಲಿಟ್ಟ. ನಾಳೆ ಇದು ಕಚೇರಿಯಲ್ಲಿ ಕೂರುತ್ತದೆ, ನಾಡಿದ್ದು ಆ ಕುರ್ಚಿ ಖಾಲಿ. ನನ್ನ ಅರ್ಧ ವಾಕ್ಯಗಳನ್ನು ಇನ್ನು ಯಾರು ಮುಗಿಸುತ್ತಾರೆ?

"ಕಾಕಾ, ಇನ್ನೊಂದ ಅಂಗಡಿ ನೋಡೂಣ್ರಿ," ಎಂದೆ.

"ಯಾಕ? ಇದಕ್ಕೇನಾಗೈತಿ?"

"ಅಕ್ಷರ ಸ್ವಲ್ಪ ತೆಳುವು ಅನಸ್ತಾವ."

ಕಾಕಾ ಹಾಳೆಯ ಕಡೆ ತಿರುಗಲೇ ಇಲ್ಲ, ನನ್ನ ಮುಖವನ್ನೇ ನೋಡಿದರು. ತಲೆ ಅರ್ಧ ನೆರೆತ ವಕೀಲೆ ನಾನು, ಕಣ್ಣು ತುಂಬಿಕೊಂಡು ಅಕ್ಷರ ಕಾಣದೆ ನಿಂತಿದ್ದೆ. ಅವರು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತು ಜಿಲಾನಿಗೆ ಹೇಳಿದರು:

"ಗಡಿಬಿಡಿ ಮಾಡಬ್ಯಾಡಪ್ಪ. ನಮ್ಮ ಹುಡುಗಿ ಇನ್ನೂ ನೋಡಾಕ ಹತ್ತ್ಯಾಳ."