ನಾಲ್ಕು ಮೂಲೆಗೆ ಕುಂಕುಮ ಹಚ್ಚಿದ ಅರ್ಜಿ

ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ಹೊಸ ಸ್ಟ್ಯಾಂಪ್ ಪ್ಯಾಡ್ ತೆರೆದೆ. ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಎಸ್ಟೇಟ್ ಏಜೆಂಟ್ ಲೈಸೆನ್ಸಿಗೆ ಅರ್ಜಿ ಹಾಕಿದ ದಿನ ನೆನಪಾಯಿತು. ಎರಡು ಸಾವಿರದ ಹದಿನಾಲ್ಕರ ಮಾತು. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನೀವೂ ನಿಂತವರಾದರೆ ನನ್ನ ಪಾಡು ಅರ್ಥವಾದೀತು.

ಯಜಮಾನರ ಟೆಲಿಕಾಂ ಕೆಲಸದ ಬೆನ್ನು ಹತ್ತಿ ನೈರೋಬಿಗೆ ಬಂದವಳು ನಾನು. ಎಲ್ಲ ಕಾಗದದಲ್ಲೂ ನನ್ನ ಹೆಸರಿನ ಎದುರು ‘ಡಿಪೆಂಡೆಂಟ್’ ಎಂದಿರುತ್ತಿತ್ತು. ಮೂರು ವರ್ಷ ಅದನ್ನು ಓದಿ ಓದಿ ಸಾಕಾಗಿ ಸಂಜೆ ತರಗತಿಗೆ ಸೇರಿದೆ. ಜಮೀನಿನ ಕಾನೂನು, ಬೆಲೆ ಕಟ್ಟುವ ವಿಧಾನ ಎಲ್ಲವನ್ನೂ ಉರು ಹೊಡೆದು ಪಾಸಾದೆ. ತರಬೇತಿಗೆಂದು ಪಂಗಾನಿ ಬಡಾವಣೆಯಲ್ಲಿ ಆಗ್ನೆಸ್ ಎಂಬ ಹಿರಿಯ ಏಜೆಂಟರ ಬಳಿ ಎಂಟು ತಿಂಗಳು ದುಡಿದೆ. ಇಲ್ಲಿನ ರೂಢಿಯಂತೆ ಅವರನ್ನು ‘ಮಾಮಾ’, ಅಂದರೆ ಅಮ್ಮ, ಎನ್ನುತ್ತಿದ್ದೆ. ಅವರ ಆಫೀಸೆಂದರೆ ಟೈರ್ ಅಂಗಡಿಯ ಪಕ್ಕದ ಒಂದು ಕೋಣೆ, ಎರಡು ಪ್ಲಾಸ್ಟಿಕ್ ಕುರ್ಚಿ. ಗಿರಾಕಿಗೆ ಮೊದಲು ಸೋರುವ ಜಾಗ ತೋರಿಸು, ಚಂದದ ಅಡುಗೆಮನೆ ಆಮೇಲೆ ಎನ್ನುವುದು ಅವರ ಪಾಠ.

ಅರ್ಜಿಗೆ, ನನ್ನ ಕೆಲಸ ಬಲ್ಲ ಏಜೆಂಟರೊಬ್ಬರ ಶಿಫಾರಸು ಮತ್ತು ಸಹಿ ಬೇಕಿತ್ತು. ನಾನು ಆಗ್ನೆಸರನ್ನು ಕೇಳಲಿಲ್ಲ.

“ದೊಡ್ಡೋರ್ ಸೈನ್ ಇದ್ರೆ ವೆಯ್ಟ್ ಇರತ್ತೆ ಕಣೇ,” ಎಂದರು ನಮ್ಮವರು. ಗೆಜೆಟೆಡ್ ಆಫೀಸರನ್ನು ಹುಡುಕಿಕೊಂಡು ಹೋಗುವ ನಮ್ಮ ಚಾಳಿ ಸಮುದ್ರ ದಾಟಿದರೂ ಬಿಡುತ್ತದೆಯೇ? ವೆಸ್ಟ್‌ಲ್ಯಾಂಡ್ಸ್‌ನ ಗಾಜಿನ ಕಟ್ಟಡದಲ್ಲಿದ್ದ ದೊಡ್ಡ ಏಜೆಂಟರೊಬ್ಬರು ನನ್ನ ಮುಖವನ್ನೂ ನೋಡದೆ ಸಹಿ ಹಾಕಿಕೊಟ್ಟರು.

ಕೊನೆಯ ದಿನ ಅರ್ಜಿಯನ್ನು ದೇವರ ಮುಂದಿಟ್ಟು, ಮದುವೆಯ ಕರೆಯೋಲೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿದೆ. “ಅಮ್ಮಾ, ಇಟ್ಸ್ ಜಸ್ಟ್ ಎ ಫಾರ್ಮ್,” ಎಂದಳು ಮಗಳು. ಕುಂಕುಮ ಒಣಗುವಷ್ಟು ತಾಳ್ಮೆಯೂ ನನಗಿರಲಿಲ್ಲ. ಮಟಾಟು ಎಂಬ ಬಾಡಿಗೆ ವ್ಯಾನಿನ ನೂಕುನುಗ್ಗಲಿನಲ್ಲಿ ಅದು ದೊಡ್ಡವರ ಸಹಿಯ ಮೇಲೆಲ್ಲ ಹರಡಿತು.

ಕಿಟಕಿಯಾಚೆಯ ಗುಮಾಸ್ತೆ ಕಾಗದವನ್ನು ಎರಡೇ ಬೆರಳಲ್ಲಿ ಎತ್ತಿದಳು. “ಮೇಡಂ, ಇದು ರಕ್ತವಾ?”

“ಅಲ್ಲ, ಪೂಜೆ ಮಾಡಿದ್ದು.”

“ಪೋಲೆ ಸಾನಾ, ತುಂಬಾ ಸಾರಿ, ಮೇಡಂ. ಸಹಿನೇ ಕಾಣ್ತಿಲ್ಲ. ಹೊಸ ಫಾರಂ ತುಂಬಿ ನಾಲ್ಕು ಗಂಟೆಯೊಳಗೆ ತನ್ನಿ.”

ದೊಡ್ಡವರು ಮೊಂಬಾಸಾಗೆ ಹೋಗಿದ್ದರು. ಈ ಸಲ ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕು. ಅಷ್ಟರಲ್ಲಿ ನಮ್ಮವರಿಗೆ ವರ್ಗವಾದರೆ ನನ್ನ ಓದೆಲ್ಲ ಮಣ್ಣುಪಾಲು. ಬೇರೆ ದಾರಿ ಕಾಣದೆ ಪಂಗಾನಿಗೆ ಓಡಿದೆ.

ಆಗ್ನೆಸ್ ಫಾರಂ ನೋಡಿ, ಕನ್ನಡಕ ಏರಿಸಿ ಕೇಳಿದರು. “ಇವತ್ತೇ ಕೊನೆ ದಿನ. ನನ್ನ ಹತ್ರ ಮೊದಲೇ ಯಾಕೆ ಬರಲಿಲ್ಲ?”

“ಮನೆಯಲ್ಲಿ ಮಗಳಿಗೆ ಹುಷಾರಿರಲಿಲ್ಲ, ಮಾಮಾ,” ಎಂದೆ. ಮಗಳು ಗುಂಡುಕಲ್ಲಿನ ಹಾಗಿದ್ದಳು.

ಅವರು ಪೆನ್ನು ತೆಗೆದರು. ನಿಧಾನವಾಗಿ, ‘ಎಂಟು ತಿಂಗಳು ನೋಡಿದ್ದೇನೆ. ಮನೆಗಳ ವಿಷಯದಲ್ಲಿ ಈಕೆ ಏನನ್ನೂ ಬಚ್ಚಿಡುವುದಿಲ್ಲ’ ಎಂದು ಬರೆದು ಸಹಿ ಹಾಕಿದರು. ಓದಿ ನನಗೆ ಅಳುವೇ ಬಂತು. ಮೂರೂವರೆಗೆ ಅರ್ಜಿಯ ಮೇಲೆ ಠಸ್ಸೆ ಬಿತ್ತು, ಎರಡು ತಿಂಗಳಿಗೆ ಲೈಸೆನ್ಸ್ ಕೈಗೆ ಬಂತು. ಆ ಸುಳ್ಳು ಮಾತ್ರ ನನ್ನೊಳಗೇ ಉಳಿಯಿತು.

ಇವತ್ತು ತಡೆಯಲಾಗಲಿಲ್ಲ. ಪ್ಯಾಡ್ ಮುಚ್ಚಿಟ್ಟು ಆಗ್ನೆಸರಿಗೆ ಫೋನ್ ಮಾಡಿದೆ. “ಮಾಮಾ, ಅವತ್ತು ಮಗಳಿಗೆ ಏನೂ ಆಗಿರಲಿಲ್ಲ. ನಿಮ್ಮ ಆಫೀಸ್ ಚಿಕ್ಕದು ಅಂತ ನಿಮ್ಮ ಸಹಿ ಕೇಳೋಕೆ ನಾಚಿಕೆಯಾಗಿತ್ತು.”

“ಗೊತ್ತಿತ್ತು,” ಎಂದರು. “ಅದಕ್ಕೇ ಮನೆಗಳ ವಿಷಯ ಮಾತ್ರ ಬರೆದೆ.”

ಅವರು ಜೋರಾಗಿ ನಕ್ಕರು. ನನಗೆ ನಗಲು ಸ್ವಲ್ಪ ಹೊತ್ತು ಹಿಡಿಯಿತು.